ನಾಲ್ಕನೇ ಮಹಡಿಯ ಲಿಫ್ಟ್ ಬಾಗಿಲು

ನಾನು, ಈ ಪ್ರಕರಣದ ದೂರಿನಲ್ಲಿ ಆರೋಪಿ ಎಂದು ಕಾಣಿಸಿರುವ ಹುಡುಗಿಯ ತಾಯಿ. ವಯಸ್ಸು 46 ವರ್ಷ. ವೃತ್ತಿ: ಆಸ್ಪತ್ರೆಯ ಲಾಂಡ್ರಿ ವಿಭಾಗದಲ್ಲಿ ಮೇಲ್ವಿಚಾರಕಿ. ವಾಸ: ಐದು ಮಹಡಿಯ ವಸತಿ ಕಟ್ಟಡದ ನಾಲ್ಕನೇ ಮಹಡಿ, ಲಿಫ್ಟ್ ಪಕ್ಕದ ಮನೆ. ದೂರು ಕೊಟ್ಟವರು ನನ್ನ ಒಡಹುಟ್ಟಿದ ಅಣ್ಣ. ಈ ದಿನ ನಾನಾಗಿಯೇ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡ ಲಿಫ್ಟ್ ರಿಪೇರಿ ಕೆಲಸದಲ್ಲಿದ್ದರು. ಹದಿನಾಲ್ಕು ತಿಂಗಳ ಹಿಂದೆ ಬೇರೊಂದು ಕಟ್ಟಡದಲ್ಲಿ ಕೆಲಸ ಮಾಡುವಾಗ ಲಿಫ್ಟಿನ ಗುಂಡಿಗೆ ಬಿದ್ದು ತೀರಿಕೊಂಡರು. ಅಂದಿನಿಂದ ನನ್ನ ಮಗಳು, ವಯಸ್ಸು 19, ಕಾಲೇಜು ಎರಡನೇ ವರ್ಷ, ಲಿಫ್ಟ್ ಹತ್ತಿದವಳಲ್ಲ. ಕಾಲೇಜಿನಿಂದ ಎಷ್ಟೇ ಸುಸ್ತಾಗಿ ಬಂದರೂ ನಾಲ್ಕು ಮಹಡಿ ನಡೆದೇ ಹತ್ತುತ್ತಿದ್ದಳು. ನಾನೂ ಒತ್ತಾಯಿಸಲಿಲ್ಲ.

ನನ್ನ ಅಣ್ಣನ ಮಗನಿಗೆ 20 ವರ್ಷ. ದೆವ್ವದ ಚಿತ್ರಗಳೆಂದರೆ ಅವನಿಗೆ ಪ್ರಾಣ. ಮನೆಯಲ್ಲಿ ಎಲ್ಲರೂ ಅವನನ್ನು ಸಿನಿಮಾ ಎಂದೇ ಕರೆಯುತ್ತೇವೆ. ಹುಡುಗ ಬಂಗಾರದಂಥವನು. ಅವನ ಅಪ್ಪ ಅಮ್ಮ ನನ್ನ ಮಗಳ ಮೇಲೆ ದೂರು ಕೊಟ್ಟಿದ್ದಾರೆಂದು ಈ ಮಾತನ್ನು ನಾನು ಬದಲಾಯಿಸುವುದಿಲ್ಲ. ಭಾನುವಾರ ನನಗೆ ಕೆಲಸ ಇರುತ್ತದೆ. ಆಸ್ಪತ್ರೆಯ ಹಾಸಿಗೆಗಳಿಗೆ ರಜೆ ಇಲ್ಲ. ಆ ದಿನಗಳಲ್ಲಿ ಅವನು, ನನ್ನ ಮಗಳು ಮತ್ತು ಐದನೇ ಮಹಡಿಯಲ್ಲಿರುವ ಅವಳ ಗೆಳತಿ ನಮ್ಮ ಮನೆಯಲ್ಲಿ ಕೂತು ಚಿತ್ರ ನೋಡುತ್ತಿದ್ದರು. ಹದಿಹರೆಯದವರು ಗುಂಪು ಕೂಡಿ ಹಲಗೆಯ ಮುಂದೆ ಕೂತು ಸತ್ತವರನ್ನು ಕರೆಯುವುದು, ಬಂದದ್ದು ಹೋಗದೇ ಇರುವುದು, ಅಂಥ ಚಿತ್ರಗಳು. ಒಂದೆರಡನ್ನು ನಾನೂ ಅವರ ಜೊತೆ ಕೂತು ನೋಡಿದ್ದೇನೆ. ನನಗೆ ನಿದ್ದೆ ಬಂದಿತ್ತು.

ಹಿಂದಿನ ಭಾನುವಾರ, ಅಂದರೆ ಈ ಘಟನೆಗೆ ಸರಿಯಾಗಿ ಒಂದು ವಾರ ಮೊದಲು, ಸಿನಿಮಾ ಒಂದು ದಪ್ಪ ರಟ್ಟಿನ ಮೇಲೆ ಅಂಥದ್ದೇ ಓಜಾ ಬೋರ್ಡ್ ಮಾಡಿ ತಂದಿದ್ದನೆಂದು ಗೆಳತಿ ನನಗೆ ಆಮೇಲೆ ತಿಳಿಸಿದಳು. ಅ ಇಂದ ಳ ವರೆಗೆ ಅಕ್ಷರಗಳನ್ನು ಎರಡು ಸಾಲಾಗಿ ಬರೆದಿದ್ದ. ಕಾಗುಣಿತ, ಒತ್ತಕ್ಷರ ಏನೂ ಇಲ್ಲ. ಅದನ್ನೂ ಬರೆಯೋ ಎಂದು ನನ್ನ ಮಗಳು ಹೇಳಿದ್ದಕ್ಕೆ, ನಮಗೇ ಕಾಗುಣಿತ ಬರಲ್ಲ, ದೆವ್ವಕ್ಕೆ ಯಾಕೆ ಎಂದು ನಕ್ಕಿದ್ದನಂತೆ. ಗಾಜಿನ ಲೋಟ ಬೋರಲು ಹಾಕಿ ಮೂವರೂ ಅದರ ಮೇಲೆ ಬೆರಳಿಟ್ಟರು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ನನ್ನ ಮಗಳು ಮೆಲ್ಲಗೆ, ಅಪ್ಪ ಇದ್ದೀರಾ ಎಂದು ಕೇಳಿದಳು. ಲೋಟ ಮ, ಗ, ಳ ಎಂಬ ಅಕ್ಷರಗಳ ಮೇಲೆ ನಿಂತಿತು. ಆಮೇಲೆ ಕ, ತ, ತ, ಲ. ಕತ್ತಲೆ ಎಂದು ಓದಿದವಳು ನನ್ನ ಮಗಳು. ಸಿನಿಮಾ ಆಗಲೇ ಹೆದರಿ, ಆಟ ಸಾಕು ಎಂದನಂತೆ. ಅವಳು ಬಿಡಲಿಲ್ಲ.

ಆ ವಾರವೆಲ್ಲ ನನ್ನ ಮಗಳು ಲಿಫ್ಟಿನಲ್ಲಿ ಓಡಾಡಿದಳು. ನಾನು ಅದನ್ನು ನೋಡಿ ಸಂತೋಷಪಟ್ಟೆ. ಗಾಯ ಮಾಯುತ್ತಿದೆ ಎಂದುಕೊಂಡೆ. ಗುರುವಾರ ಸಂಜೆ ಅವಳು ಮುಚ್ಚಿದ ಲಿಫ್ಟ್ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು. ಏನು ಮಾಡ್ತಾ ಇದ್ದೀಯ ಎಂದು ಕೇಳಿದೆ. ಕೇಬಲ್ ಓಡುವ ಸದ್ದು ಅಪ್ಪನಿಗೆ ಇಷ್ಟ ಅಲ್ವಾ ಅಮ್ಮ ಎಂದಳು. ಇಷ್ಟ ಇತ್ತು ಅನ್ನು ಎಂದು ನಾನು ತಿದ್ದಿದೆ. ಅವಳು ತಿದ್ದಿಕೊಳ್ಳಲಿಲ್ಲ.

ಈ ಭಾನುವಾರ ಮಧ್ಯಾಹ್ನ ಸುಮಾರು 3.50ಕ್ಕೆ, ನಾನು ಇಸ್ತ್ರಿ ಯಂತ್ರದ ಬಳಿ ಇದ್ದಾಗ, ಗೆಳತಿ ಫೋನ್ ಮಾಡಿ ಅಳುತ್ತಾ, ಸಿನಿಮಾ ಲಿಫ್ಟ್ ಗುಂಡಿಗೆ ಬಿದ್ದ ಎಂದು ತಿಳಿಸಿದಳು. ಆಸ್ಪತ್ರೆಯಿಂದ ಮನೆಗೆ ಎರಡು ಕಿಲೋಮೀಟರ್. ಸ್ಕೂಟರಿನಲ್ಲಿ ಹೋದೆ. ಅಗ್ನಿಶಾಮಕದವರು ಅಷ್ಟರಲ್ಲಿ ಬಂದಿದ್ದರು. ಲಿಫ್ಟಿನ ಪೆಟ್ಟಿಗೆ ಎರಡನೇ ಮಹಡಿಯಲ್ಲಿ ನಿಂತಿತ್ತು. ಹುಡುಗ ಅದರ ತಲೆಯ ಮೇಲೆ ಬಿದ್ದಿದ್ದ. ಪ್ರಜ್ಞೆ ಇರಲಿಲ್ಲ. ತೊಡೆಯ ಮೂಳೆ ಮುರಿದಿತ್ತು. ಅವನನ್ನು ಸ್ಟ್ರೆಚರಿಗೆ ಹಾಕುವಾಗ ಹಾಸಿದ್ದ ಬಿಳಿ ಬಟ್ಟೆ ನಮ್ಮ ಲಾಂಡ್ರಿಯದೇ. ಅಂಚಿನ ಗುರುತು ನೋಡಿದೆ.

ನಡೆದದ್ದನ್ನು ಕಣ್ಣಾರೆ ಕಂಡವಳು ಗೆಳತಿ. ಅವಳು ನನಗೆ ಹೇಳಿದ್ದು ಇಷ್ಟು: ಅಂದು ಉಳಿದಿಬ್ಬರೂ ಬೇಡವೆಂದರೂ ನನ್ನ ಮಗಳೇ ಹಟ ಹಿಡಿದು ಬೋರ್ಡ್ ಹಾಕಿದಳು. ಲೋಟ ಕ, ಳ, ಗ, ಬ ಎಂದಿತು. ಕೆಳಗೆ ಬಾ. ನನ್ನ ಮಗಳು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದಳು. ಯಾರೂ ಲಿಫ್ಟಿನ ಬಟನ್ ಒತ್ತಿರಲಿಲ್ಲ. ಲಿಫ್ಟಿನ ಬಾಗಿಲು ತಾನಾಗಿ ತೆರೆಯಿತು. ಒಳಗೆ ಪೆಟ್ಟಿಗೆ ಇರಲಿಲ್ಲ, ಕತ್ತಲೆ ಮಾತ್ರ. ಇವಳು ಕಾಲೆತ್ತಿದಳು. ಸಿನಿಮಾ ಹಿಂದಿನಿಂದ ಓಡಿ ಬಂದು ಸೊಂಟ ಹಿಡಿದು ಹಿಂದಕ್ಕೆ ಎಸೆದ. ಎಸೆದ ರಭಸಕ್ಕೆ ಅವನೇ ಒಳಗೆ ಹೋದ.

ಎದುರು ಮನೆಯ ಹಿರಿಯರು ಸದ್ದು ಕೇಳಿ ಬಾಗಿಲು ತೆರೆದಾಗ ನನ್ನ ಮಗಳು ಗುಂಡಿಯ ಅಂಚಿನಲ್ಲಿ ಕೂತು ಕೆಳಗೆ ನೋಡಿ ನಗುತ್ತಿದ್ದಳಂತೆ. ಅವರು ಕಂಡದ್ದನ್ನು ಹೇಳಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರು ಬಾಗಿಲು ತೆರೆದದ್ದು ಹುಡುಗ ಬಿದ್ದ ಮೇಲೆ. ಅಣ್ಣ ಮತ್ತು ಅತ್ತಿಗೆ ಆಸ್ಪತ್ರೆಯಲ್ಲಿ ಈ ಮಾತನ್ನೇ ಹಿಡಿದುಕೊಂಡರು. ನಿನ್ನ ಮಗಳು ನನ್ನ ಮಗನನ್ನ ತಳ್ಳಿ ನಿಂತು ನಕ್ಕಳಂತೆ, ನೀನು ಇನ್ನೂ ಅವಳನ್ನ ತಬ್ಬಿಕೊಂಡು ಕೂತಿದ್ದೀಯ ಎಂದರು ಅತ್ತಿಗೆ. ಮಗ ಉಳಿಯುತ್ತಾನೋ ಇಲ್ಲವೋ ತಿಳಿಯದೆ ಕೂತ ತಾಯಿಯ ಜೊತೆ ವಾದಿಸುವುದಿಲ್ಲ.

ಸಂಜೆ 6 ಗಂಟೆಯ ಹೊತ್ತಿಗೆ ಮಗಳನ್ನು ಕರೆದುಕೊಂಡು ಮನೆಗೆ ಬಂದೆ. ಮೆಟ್ಟಿಲು ಹತ್ತಿಯೇ ಬಂದೆವು. ಗೆಳತಿ ನಮ್ಮ ಮನೆ ಬಾಗಿಲಲ್ಲಿ ಕಾಯುತ್ತಿದ್ದಳು. ಲಿಫ್ಟಿನ ಮೇನ್ ಸ್ವಿಚ್ ಅನ್ನು ಅಗ್ನಿಶಾಮಕದವರೇ ಆಫ್ ಮಾಡಿ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿದ್ದರು, ಕಟ್ಟಡದ ಕಾವಲುಗಾರರನ್ನು ಕೇಳಬಹುದು. ನಾನು ಕೈಕಾಲು ತೊಳೆಯಲು ಹೋಗಿದ್ದೆ. ಆಗ ಲಿಫ್ಟ್ ಓಡುವ ಸದ್ದು ಬಂತು. ನಮ್ಮ ಮಹಡಿಗೆ ಬಂದು ನಿಂತ ಸದ್ದು, ಗಂಟೆ ಬಡಿದ ಸದ್ದು, ಮೂವರಿಗೂ ಕೇಳಿಸಿತು. ಮಗಳು ಕುರ್ಚಿಯಿಂದ ಎದ್ದಳು. ಬಾಗಿಲಿಗೆ ಚಿಲಕ ಹಾಕಿ ಅವಳ ಎದುರು ನಿಂತೆ.

"ಬಿಡಮ್ಮ. ಅಪ್ಪ ಒಬ್ಬರೇ ಇದ್ದಾರೆ" ಎಂದಳು. ಕೂಗಾಡಲಿಲ್ಲ. ಹಾಲು ತರಲು ಹೋಗುವವಳಂತೆ ಹೇಳಿದಳು.

ಅವಳ ಕೈ ಹಿಡಿದಾಗ ನನ್ನನ್ನೂ ಎಳೆದುಕೊಂಡು ಎರಡು ಹೆಜ್ಜೆ ನಡೆದಳು. ಒದ್ದೆ ಹಾಸಿಗೆ ಬಟ್ಟೆಗಳ ಗಂಟು ಎತ್ತುವ ಕೈ ನನ್ನದು. ಅವಳು ಹಾಗೆ ಎಳೆಯುವ ಹುಡುಗಿಯಲ್ಲ. ಹೀಗೆ ಎಷ್ಟು ದಿನ ಹಿಡಿದಿಟ್ಟುಕೊಳ್ಳಲಿ ಎಂದು ನನಗನ್ನಿಸಿತು. ನಾನು ಕೆಲಸಕ್ಕೆ ಹೋಗಬೇಕು, ಅವಳು ಕಾಲೇಜಿಗೆ ಹೋಗಬೇಕು, ಊರ ತುಂಬ ಲಿಫ್ಟುಗಳಿವೆ. ಆದ್ದರಿಂದ ಬೋರ್ಡ್ ಎಲ್ಲಿದೆ ಎಂದು ಗೆಳತಿಯನ್ನು ಕೇಳಿದೆ. ಅದು ಮೇಜಿನ ಮೇಲೆಯೇ ಇತ್ತು, ಲೋಟವೂ. ಕಿಟಕಿಯ ಪರದೆ ಸರಿಸಿದೆ. ಹೊರಗೆ ಇನ್ನೂ ಬೆಳಕಿತ್ತು, ಕೆಳಗೆ ಯಾರೋ ಕಾರು ತೊಳೆಯುತ್ತಿದ್ದರು.

ಇಲ್ಲಿಂದ ಮುಂದಿನದ್ದನ್ನು ಬಿಟ್ಟುಬಿಡಿ, ನಿಮ್ಮ ಮಗಳಿಗೇ ತೊಂದರೆಯಾಗುತ್ತೆ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವವರು ಒಳ್ಳೆಯ ಮನಸ್ಸಿನಿಂದಲೇ ಸೂಚಿಸಿದರು. ನಾನು ಒಪ್ಪಲಿಲ್ಲ. ಅರ್ಧ ಹೇಳಿದರೆ ಅದು ಸುಳ್ಳು. ಇದನ್ನೂ ಬರೆದುಕೊಳ್ಳಿ ಎಂದು ಕೇಳಿಕೊಂಡಿದ್ದೇನೆ.

ಮೂವರೂ ಬೆರಳಿಟ್ಟೆವು. ಬೇಡವಾದರೆ ಮನೆಗೆ ಹೋಗಮ್ಮ ಎಂದು ಗೆಳತಿಗೆ ಹೇಳಿದೆ. ಇಲ್ಲ ಆಂಟಿ, ಇರ್ತೀನಿ ಎಂದಳು. ನೀವು ಇವಳ ಅಪ್ಪನೇ ಹೌದಾದರೆ, ನಾವಿಬ್ಬರೇ ಇದ್ದಾಗ ನನ್ನನ್ನು ಏನೆಂದು ಕರೆಯುತ್ತಿದ್ದಿರಿ ಎಂದು ನಾನು ಕೇಳಿದೆ. ಆ ಹೆಸರು ಮಗಳಿಗೆ ಗೊತ್ತಿಲ್ಲ, ನಮ್ಮಮ್ಮನಿಗೂ ಗೊತ್ತಿರಲಿಲ್ಲ. ತಪ್ಪು ಹೇಳಿದರೆ, ನೋಡು, ಇದು ನಿನ್ನ ಅಪ್ಪನಲ್ಲ ಎಂದು ಮಗಳಿಗೆ ತೋರಿಸುವುದು ನನ್ನ ಉದ್ದೇಶವಾಗಿತ್ತು.

ಲೋಟ ಇ ಅಕ್ಷರಕ್ಕೆ ಹೋಯಿತು. ಆಮೇಲೆ ಸ. ಆಮೇಲೆ ತ. ಆಮೇಲೆ ರ.

ಹುಡುಗಿಯರಿಗೆ ಅರ್ಥವಾಗಲಿಲ್ಲ. ನನಗಾಯಿತು. ಮದುವೆಯಾದ ಹೊಸದರಲ್ಲಿ ನಾನು ಆಸ್ಪತ್ರೆಯಲ್ಲಿ ಇಸ್ತ್ರಿ ಮಾಡುವ ಕೆಲಸಕ್ಕೇ ಸೇರಿದ್ದೆ. ಸ್ತ್ರೀಯರು ಊರ ತುಂಬ ಇದ್ದಾರೆ, ಇಸ್ತ್ರಿ ನೀನೊಬ್ಬಳೇ ಎಂದು ಅವರು ತಮಾಷೆ ಮಾಡುತ್ತಿದ್ದರು. ಇಪ್ಪತ್ತೊಂದು ವರ್ಷ ಅದೇ ಹೆಸರು. ಹದಿನಾಲ್ಕು ತಿಂಗಳಿಂದ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ನನ್ನ ಬೆರಳು ಲೋಟದ ಮೇಲೇ ಇತ್ತು. ಇನ್ನೂ ಏನಾದರೂ ಕೇಳಬೇಕು, ಸುಮ್ಮನೆ ಕೇಳುತ್ತಲೇ ಇರಬೇಕು ಅನ್ನಿಸಿತು. ಮಗಳು ಒಂದು ವಾರದಿಂದ ಯಾಕೆ ಹಾಗಿದ್ದಳೆಂದು ಆಗ ತಿಳಿಯಿತು.

ಹೊರಗೆ ಮತ್ತೆ ಗಂಟೆ ಬಡಿಯಿತು. ಲೋಟ ನಮ್ಮನ್ನು ಎಳೆದುಕೊಂಡು ಕ, ಳ, ಗ ಎಂದಿತು.

ಆಗ ನಾನು ಹೇಳಿದ ಮಾತನ್ನು ಹೇಳಿದಂತೆಯೇ ಬರೆಯಿಸುತ್ತಿದ್ದೇನೆ: "ನೀವು ಅವರೇ ಆಗಿದ್ರೂ ಅಷ್ಟೆ, ಆಗದಿದ್ರೂ ಅಷ್ಟೆ. ಮಗಳನ್ನ ಕಳಿಸಲ್ಲ. ಬದುಕಿದ್ದಾಗ ಒಂದು ದಿನ ಅವಳನ್ನ ಗುಂಡಿ ಹತ್ರ ಬಿಟ್ಟವರಲ್ಲ ನೀವು. ಈಗ ಕತ್ತಲೆ ಅಂತೀರಿ, ಒಬ್ಬನೇ ಅಂತೀರಿ. ನನಗೂ ಹಾಗೇ ಇದೆ. ಹಾಗಂತ ಮಗುವನ್ನ ಕರೀತಾರಾ ಯಾರಾದ್ರೂ?"

ಲೋಟ ನಿಂತಿತು. ಹೇಗೆ ಕಳಿಸಬೇಕು ಎಂದು ಗೆಳತಿಯನ್ನು ಕೇಳಿದೆ. ಮೂಲೆಯಲ್ಲಿ ಬರೆದದ್ದರ ಮೇಲೆ ಲೋಟ ತಂದು ನಿಲ್ಲಿಸಬೇಕು ಆಂಟಿ, ಚಿತ್ರದಲ್ಲಿ ಹಾಗೇ ಮಾಡ್ತಾರೆ, ನಾವು ಹೋದ ವಾರ ಮಾಡಿದ್ವಿ, ಆದ್ರೂ ಹೋಗಲಿಲ್ಲ ಎಂದಳು. ನೋಡಿದೆ. ಸಿನಿಮಾ ಅಲ್ಲಿ ದುಂಡಾದ ಅಕ್ಷರದಲ್ಲಿ "ಹೋಗಿ ಬನ್ನಿ" ಎಂದು ಬರೆದಿದ್ದ. ಒಳ್ಳೆಯ ಮನೆಯ ಹುಡುಗ. ಹೊರಟವರಿಗೆ ಬರೀ ಹೋಗಿ ಎನ್ನಬಾರದೆಂದು ಅವನಿಗೆ ಕಲಿಸಿದವರಲ್ಲಿ ನಾನೂ ಒಬ್ಬಳು.

ಎಡಗೈಯಿಂದ ಮೇಜಿನ ಖಾನೆ ಎಳೆದು ಕತ್ತರಿ ತೆಗೆದೆ. ಬಲಗೈ ಬೆರಳನ್ನು ಲೋಟದಿಂದ ತೆಗೆಯಲಿಲ್ಲ. ಮಗಳು ಬೇಡಮ್ಮ, ಬೇಡಮ್ಮ ಎನ್ನುತ್ತಿದ್ದಳು. ರಟ್ಟು ದಪ್ಪಗಿತ್ತು, ಎಡಗೈಯಲ್ಲಿ ನನಗೆ ಕತ್ತರಿ ಅಷ್ಟಾಗಿ ಓಡುವುದಿಲ್ಲ. ಆದರೂ ಬನ್ನಿ ಎಂಬುದನ್ನು ಕತ್ತರಿಸಿ ತೆಗೆದೆ. ಆಮೇಲೆ ನನ್ನ ಗಂಡನಿಗೆ, ಹೋಗಿ ಎಂದೆ.

ಲೋಟ ತಕ್ಷಣ ಹೋಗಲಿಲ್ಲ. ಮತ್ತೆ ಹೇಳಿದೆ. ಮೂರನೇ ಸಲ ಮಗಳೂ ಹೇಳಿದಳು. ಅಳುತ್ತಾ ಹೇಳಿದಳು, ಆದರೆ ತಾನಾಗಿಯೇ ಹೇಳಿದಳು, ನಾನು ಹೇಳಿಸಲಿಲ್ಲ. ಲೋಟ ಮೆಲ್ಲಗೆ ಸರಿದು ಮೂಲೆಗೆ ಬಂದು ನಿಂತಿತು. ಬೆರಳ ಕೆಳಗೆ ಅದು ಬರೀ ಲೋಟವಾದದ್ದು ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಹೇಳಲಾರೆ. ಹೊರಗೆ ಲಿಫ್ಟ್ ಇಳಿದು ಹೋದ ಸದ್ದು ಕೇಳಿಸಿತು. ನಾನು ಲೋಟ ತೊಳೆದು ಕಪಾಟಿನಲ್ಲಿಟ್ಟೆ. ಬೋರ್ಡನ್ನು ಈ ದಿನ ಠಾಣೆಯಲ್ಲಿ ಹಾಜರುಪಡಿಸಿದ್ದೇನೆ.

ಸೋಮವಾರ ಬಂದ ಲಿಫ್ಟ್ ಕಂಪನಿಯವರು, ನಮ್ಮ ಮಹಡಿಯ ಬಾಗಿಲಿನ ಲಾಕಿನಲ್ಲಿ ದೋಷವಿಲ್ಲ, ಪೆಟ್ಟಿಗೆ ಇಲ್ಲದಾಗ ಅದು ತೆರೆಯಲು ಸಾಧ್ಯವಿಲ್ಲ ಎಂದು ತಿಳಿಸಿದರು. ಸಾಧ್ಯವಿಲ್ಲದ ಬಾಗಿಲಿನಲ್ಲಿ ಹುಡುಗ ಹೇಗೆ ಬಿದ್ದ ಎಂದು ನಾನು ಕೇಳಿದೆ. ಅವರು ಮತ್ತೊಮ್ಮೆ ಪರೀಕ್ಷಿಸುತ್ತೇವೆ ಎಂದರು.

ಈ ದಿನ ಬೆಳಿಗ್ಗೆ 8 ಗಂಟೆಗೆ ನಾನು ಲಾಂಡ್ರಿಯಲ್ಲಿದ್ದಾಗ ಅಣ್ಣನೇ ಅಲ್ಲಿಗೆ ಬಂದ. ಮೂರು ದಿನದ ಮೇಲೆ ನನ್ನ ಮುಖ ನೋಡಿದ. ಬಾರೇ, ಅವನಿಗೆ ಎಚ್ಚರ ಬಂದಿದೆ, ನಿನ್ನ ಹತ್ರವೇ ಹೇಳ್ಬೇಕಂತೆ ಎಂದ. ಹೋದೆ. ಅತ್ತಿಗೆ ಮಂಚದ ಪಕ್ಕ ಕೂತಿದ್ದರು. ಅತ್ತೆ, ಅವಳು ತಳ್ಳಲಿಲ್ಲ, ನಾನೇ ಎಳೆದದ್ದು, ಅವಳು ಚೆನ್ನಾಗಿದ್ದಾಳಾ ಎಂದು ಹುಡುಗ ಕೇಳಿದ. ಮಲಗಿದ್ದಾಳೆ, ಹೊಟ್ಟೆ ತುಂಬ ತಿಂದು ಮಲಗಿದ್ದಾಳೆ ಎಂದೆ. ಅತ್ತಿಗೆ ನನ್ನ ಕೈ ಹಿಡಿದುಕೊಂಡರು.

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಅಷ್ಟು ಎತ್ತರದಿಂದ ಬಿದ್ದೂ ತಲೆಬುರುಡೆ ಒಡೆಯದೇ ಇರುವುದು ಆಶ್ಚರ್ಯ ಎಂದು ಡಾಕ್ಟರೂ ಹೇಳಿದ್ದರು. "ನಾನು ಸೀದಾ ಬೀಳಲಿಲ್ಲ ಅತ್ತೆ. ಕತ್ತಲೆಯಲ್ಲಿ ಯಾರೋ ಎರಡೂ ಕೈ ಚಾಚಿ ಹಿಡ್ಕೊಂಡ್ರು. ತಲೆ ಕೆಳಗೆ ಅಂಗೈ ಇಟ್ರು. ಗ್ರೀಸ್ ವಾಸನೆ ಬಂತು. ಮೆಲ್ಲಗೆ ಕಣೋ, ಮೆಲ್ಲಗೆ ಅಂದ್ರು. ಮಾವನ ಧ್ವನಿ" ಎಂದ.

ಬೋರ್ಡಿನ ಮುಂದೆ ನಡೆದದ್ದನ್ನು ಆಗ ನಾನೂ ಅವರಿಗೆ ಹೇಳಿದೆ. ಹಾಗಾದ್ರೆ ನೀನು ಕಳಿಸಿಬಿಟ್ಟದ್ದು ಯಾರನ್ನ ಎಂದು ಅತ್ತಿಗೆ ನನ್ನನ್ನು ಕೇಳಿದರು.

ಗೊತ್ತಿಲ್ಲ ಎಂದೆ. ಮಗಳನ್ನು ಕರೆದವರು ಯಾರು, ಹುಡುಗನನ್ನು ಹಿಡಿದವರು ಯಾರು, ಇಬ್ಬರೂ ಒಬ್ಬರೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಪೊಲೀಸರಿಗೆ ಪತ್ತೆಯಾದರೆ ನನಗೂ ತಿಳಿಸಬೇಕೆಂದು ಕೋರುತ್ತೇನೆ. ಆದರೆ ನಾನು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಾಳೆ ಮತ್ತೆ ಗಂಟೆ ಬಡಿದರೆ ಮತ್ತೆ ಅದನ್ನೇ ಹೇಳುತ್ತೇನೆ. ಅವರೇ ಆಗಿದ್ದರೆ, ಯಾಕೆ ಹೇಳಿದೆನೆಂದು ಅವರಿಗೆ ಅರ್ಥವಾಗಿರುತ್ತದೆ. ಅಣ್ಣ ದೂರು ಹಿಂಪಡೆಯಲು ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ. ನನ್ನ ಮಗಳ ಹೆಸರನ್ನು ಕೈಬಿಡಬೇಕೆಂದೂ, ಆ ಲಿಫ್ಟನ್ನು ಪೂರ್ತಿ ಪರೀಕ್ಷಿಸುವವರೆಗೆ ಯಾರಿಗೂ ತೆರೆಯಬಾರದೆಂದೂ ಕೇಳಿಕೊಳ್ಳುತ್ತೇನೆ.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ಒಂದು ಕಡೆ "ಗಂಡನ ಆತ್ಮ" ಎಂದು ಬರೆದಿದ್ದನ್ನು ತೆಗೆಸಿ, ನಾನು ಹೇಳಿದಂತೆ "ಗಂಡ" ಎಂದೇ ಬರೆಯಿಸಿದ್ದೇನೆ. ಉಳಿದದ್ದು ನನ್ನ ಮಾತಿನಂತೆಯೇ ಇದೆ, ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ದಿನ, ಬುಧವಾರ, ಬೆಳಿಗ್ಗೆ 11.40
ಸಹಿ: ಹುಡುಗಿಯ ತಾಯಿ