ಚಾಕು ಹೊರಗೆ ತೆಗೆದದ್ದು ಕೆಳಗಿಡುವುದಕ್ಕೆ

ಹೇಳಿಕೆ ಕೊಡುತ್ತಿರುವವರು: ಕೆಲಸದ ಜಾಗದಲ್ಲೂ ಬೀದಿಯಲ್ಲೂ ದೊಡ್ಡಕ್ಕ ಎಂದೇ ಕರೆಸಿಕೊಳ್ಳುವ ನಾನು. ವಯಸ್ಸು ನಲವತ್ತೇಳು ವರ್ಷ. ಕೆಲಸ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ. ವಾಸ, ಬಸ್ ಡಿಪೋ ಹಿಂದಿನ ಬೀದಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿ.

ಠಾಣೆಯ ಮುಂಭಾಗದ ಕೋಣೆಯಲ್ಲಿ ರೈಟರ್ ಅವರ ಎದುರು ಕುಳಿತು, ಎರಡೂ ಕಡೆಯವರ ಒತ್ತಾಯವಿದ್ದರೂ ಯಾರ ಒತ್ತಾಯಕ್ಕೂ ಮಣಿಯದೆ, ಈ ಮೂಲಕ ನಾನಾಗಿಯೇ ಹೇಳಿ ಬರೆಸುವುದೇನೆಂದರೆ:

ನಿನ್ನೆ ಸಂಜೆ ಸ್ಕೂಟರ್ ಗ್ಯಾರೇಜಿಗೆ ಹೋದಾಗ ನನ್ನ ಚೀಲದಲ್ಲಿ ಎರಡು ಚಾಕುಗಳಿದ್ದದ್ದು ನಿಜ. ದೊಡ್ಡದು ತರಕಾರಿ ಹೆಚ್ಚುವುದಕ್ಕೆ, ಸಣ್ಣದು ಸಿಪ್ಪೆ ತೆಗೆಯುವುದಕ್ಕೆ. ಎರಡೂ ನನ್ನವೇ. ಯಾಕಮ್ಮ ಹೊತ್ತುಕೊಂಡು ತಿರುಗುತ್ತೀಯ, ಆತ್ಮರಕ್ಷಣೆಗಾ ಎಂದು ನಿನ್ನೆಯಿಂದ ನಾಲ್ಕು ಜನ ಕೇಳಿದ್ದಾರೆ. ಈರುಳ್ಳಿ ಹೆಚ್ಚುವುದಕ್ಕೆ ಎಂದು ನಾಲ್ವರಿಗೂ ಹೇಳಿದ್ದೇನೆ. ಐದನೆಯವರು ಕೇಳಿದರೂ ಅದನ್ನೇ ಹೇಳುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಅವರವರ ಚಾಕು ಅವರವರದು. ವಾರಕ್ಕೊಂದು ಸಲ ಮನೆಗೆ ಒಯ್ದು ಕಲ್ಲಿನ ಮೇಲೆ ಮಸೆದು ತರುತ್ತೇವೆ. ನಿನ್ನೆ ನನ್ನ ಸರದಿ.

ಒಯ್ಯುವುದಕ್ಕೂ ಒಂದು ಕ್ರಮ ಇದೆ. ಅಲಗಿಗೆ ದಪ್ಪ ರಟ್ಟಿನ ಕವಚ, ಅದರ ಮೇಲೆ ಹಳೇ ಟವೆಲು ಸುತ್ತಿ ಎರಡು ಗಂಟು. ಆ ಸುರುಳಿ ಚೀಲದ ತಳಕ್ಕೆ ಹೋಗುತ್ತದೆ, ಅದರ ಮೇಲೆ ಊಟದ ಡಬ್ಬಿ, ಡಬ್ಬಿಯ ಮೇಲೆ ನೀರಿನ ಬಾಟಲಿ. ಅದನ್ನು ಹೊರಗೆ ತೆಗೆಯಬೇಕಾದರೆ ಚೀಲವನ್ನೇ ಖಾಲಿ ಮಾಡಬೇಕು. ಬೇಕೆಂದೇ ಹಾಗೆ ಕಟ್ಟುವುದು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು, ಜೇಬಿನಿಂದ ಇಣುಕುವ ಹಾಗೆ ಇಟ್ಟುಕೊಂಡು ಮೆರೆಯುವವರ ಸಾಲಿಗೆ ನನ್ನನ್ನು ಸೇರಿಸಬೇಡಿ ಎಂದು ನಿನ್ನೆ ರಾತ್ರಿ ಮನೆಗೆ ಬಂದ ಪೊಲೀಸ್ ಸಾಹೇಬರಿಗೂ ಹೇಳಿದೆ.

ಇನ್ನೊಂದು ಕ್ರಮವನ್ನೂ ಇಲ್ಲೇ ಬರೆಸಬೇಕು. ಅದನ್ನು ಬಿಟ್ಟರೆ ನಿನ್ನೆ ನಡೆದದ್ದು ಅರ್ಥವಾಗುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಯಾರ ದನಿ ಏರಿದರೂ ಎಲ್ಲರೂ ಮೊದಲು ಕೈಯಲ್ಲಿರುವ ಚಾಕುವನ್ನು ಕೆಳಗಿಡಬೇಕು, ಅಲಗು ಗೋಡೆಯ ಕಡೆಗೆ. ಒಂದು ಹೆಜ್ಜೆ ಹಿಂದೆ ಸರಿಯಬೇಕು. ಆಮೇಲೆಯೇ ಬಾಯಿ ತೆಗೆಯಬೇಕು. ಆಮೇಲೆ ಎಷ್ಟು ಬೇಕಾದರೂ ಬೈದಾಡಬಹುದು, ಬೈದಾಡುತ್ತೇವೆ ಕೂಡ. ಕೆಳಗಿಟ್ಟ ಚಾಕುವನ್ನು ಅದರ ಒಡೆಯರ ಹೊರತು ಬೇರೆಯವರು ಮುಟ್ಟುವಂತಿಲ್ಲ. ಇನ್ನೊಬ್ಬರ ಚಾಕುವಿಗೆ ಕೈ ಹಾಕುವುದೆಂದರೆ ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ. ನನಗೆ ಕೆಲಸ ಕಲಿಸಿದ ಹೆಡ್ ಕುಕ್ ಮೊದಲ ದಿನ ಒಲೆ ತೋರಿಸಲಿಲ್ಲ, ಇದನ್ನು ಹೇಳಿಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ನಮ್ಮಲ್ಲಿ ಜಗಳ ಆಗದ ವಾರವಿಲ್ಲ, ಜಗಳದಲ್ಲಿ ಒಬ್ಬರ ಬೆರಳೂ ಕೊಯ್ದಿಲ್ಲ.

ಈಗ ಜಗಳಕ್ಕೆ ಬರುತ್ತೇನೆ. ನನ್ನ ತಮ್ಮನಿಗೆ ವಯಸ್ಸು ಮೂವತ್ತೆಂಟು, ಮೈಯಲ್ಲಿ ನನ್ನ ಎರಡರಷ್ಟಿದ್ದಾನೆ, ಮನೆಯಲ್ಲಿ ಇವತ್ತಿಗೂ ಪುಟ್ಟ ಎಂದೇ ಕರೆಯುವುದು. ಹೋದ ವಾರ ಅವನ ಹೆಂಡತಿ ಇಳಿಜಾರಿನಲ್ಲಿ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಬ್ರೇಕ್ ಹಿಡಿಯಲಿಲ್ಲವಂತೆ. ಅದಕ್ಕೆ ಎರಡು ದಿನ ಮುಂಚೆ ಆ ಸ್ಕೂಟರನ್ನು ಇದೇ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ್ದರು. ಬ್ರೇಕ್ ಸರಿ ಮಾಡದೆಯೇ ಕೊಟ್ಟ ಎಂದು ತಮ್ಮ ಹೇಳುತ್ತಾನೆ. ಹೊಸದು ಹಾಕಿಸಿ ಎಂದರೂ ಕೇಳಲಿಲ್ಲ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಯಾರದು ನಿಜ ಎಂಬುದು ನನಗೆ ಗೊತ್ತಿಲ್ಲ. ಕೈ ಮುರಿದುಕೊಂಡವಳು ಮಾತ್ರ ಇಬ್ಬರ ಮೇಲೂ ಕೂಗಾಡಿಲ್ಲ, ಎಡಗೈಯಲ್ಲಿ ಊಟ ಮಾಡುವುದನ್ನು ಕಲಿಯುತ್ತಿದ್ದಾಳೆ.

ನಿನ್ನೆ ಸಂಜೆ ಐದೂವರೆಗೆ ಕೆಲಸ ಮುಗಿಸಿ ಹೊರಗೆ ಬಂದಾಗ ಪುಟ್ಟ ಕ್ಯಾಂಟೀನಿನ ಗೇಟಿನಲ್ಲಿ ನಿಂತಿದ್ದ. ಗ್ಯಾರೇಜಿನವನ ಹತ್ತಿರ ಎರಡು ಮಾತು ಕೇಳಿ ಮನೆಗೆ ಹೋಗೋಣ, ಬಾ ಅಕ್ಕ ಎಂದ. ನಾನು ಪಕ್ಕದಲ್ಲಿದ್ದರೆ ದನಿ ಏರಿಸುವುದಿಲ್ಲ ಎಂದುಕೊಂಡು ಹೊರಟೆ. ಚೀಲವನ್ನು ಕ್ಯಾಂಟೀನಿನಲ್ಲೇ ಬಿಟ್ಟು ಹೋಗಬೇಕಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ಜಗಳ ಆಗುತ್ತದೆ ಎಂದು ಗೊತ್ತಿದ್ದರೆ ಚೀಲವನ್ನಲ್ಲ, ತಮ್ಮನನ್ನೇ ಎಳೆದುಕೊಂಡು ಮನೆಗೆ ಹೋಗುತ್ತಿದ್ದೆ.

ಗ್ಯಾರೇಜು ಎರಡು ಬೀದಿ ಆಚೆ ಇದೆ. ನಾವು ಹೋದಾಗ ಮೆಕ್ಯಾನಿಕ್ ಒಂದು ಗಾಡಿಯ ಚಕ್ರ ಬಿಚ್ಚುತ್ತಿದ್ದರು. ಪಂಕ್ಚರ್ ಹಾಕಿಸಲು ಬಂದಿದ್ದ ಒಬ್ಬ ಗಿರಾಕಿ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಮೊದಲು ಇಬ್ಬರೂ ಮೆತ್ತಗೆ ಮಾತಾಡಿದರು. ಆಮೇಲಿನದನ್ನು ಅವರು ಆಡಿದ ಹಾಗೆಯೇ ಬರೆಯಿರಿ ಎಂದು ಕೇಳಿಕೊಂಡಿದ್ದೇನೆ. ತಮ್ಮ, "ಬ್ರೇಕ್ ಹಿಡಿಯಲ್ಲ ಅಂತ ಗೊತ್ತಿದ್ದೂ ಗಾಡಿ ಕೊಟ್ಟೆಯಲ್ಲೋ, ನಿನ್ನ ಹೆಂಡ್ತಿ ಬಿದ್ದಿದ್ರೆ ಹಿಂಗೇ ಆರಾಮಾಗಿ ಚಕ್ರ ಬಿಚ್ಕೊಂಡು ಕೂತಿರ್ತಿದ್ಯಾ?" ಎಂದ. ಮೆಕ್ಯಾನಿಕ್, "ಸದ್ಯಕ್ಕೆ ಟೈಟ್ ಮಾಡ್ಕೊಡಿ ಸಾಕು ಅಂದಿದ್ದು ಯಾರು? ನಿಮ್ಮ ಬಾಯಿಂದ್ಲೇ ತಾನೆ ಬಂದಿದ್ದು? ಈಗ ಬಂದು ನನ್ ತಲೆ ಮೇಲೆ ಹಾಕ್ತೀರಾ?" ಎಂದರು. ತಮ್ಮ ಅವರ ಕಾಲರಿಗೆ ಕೈ ಹಾಕಿದ. ಮೆಕ್ಯಾನಿಕ್ ಕೈಯಲ್ಲಿ ಸ್ಪ್ಯಾನರ್ ಇತ್ತು, ಅದನ್ನು ಅವರು ಕೆಳಗಿಡಲಿಲ್ಲ. ನಮ್ಮ ಅಡುಗೆಮನೆಯಾಗಿದ್ದರೆ ಅಷ್ಟಕ್ಕೇ ಅವರನ್ನು ಆಚೆ ಕಳಿಸುತ್ತಿದ್ದರು.

ಇಬ್ಬರನ್ನೂ ಬಿಡಿಸಬೇಕೆಂದು ನಾನು ಮುಂದೆ ಹೋದೆ. ಹೋಗುವಾಗ ಭುಜದ ಮೇಲಿನ ಚೀಲದ ನೆನಪಾಯಿತು. ಚಾಕು ಮೈಮೇಲಿಟ್ಟುಕೊಂಡು ಜಗಳದ ನಡುವೆ ಹೋಗುವುದು ನನ್ನಿಂದ ಆಗದ ಕೆಲಸ. ಇಪ್ಪತ್ತು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು. ಬಾಟಲಿ ತೆಗೆದೆ, ಡಬ್ಬಿ ತೆಗೆದೆ, ಟವೆಲಿನ ಸುರುಳಿ ಎಳೆದು ಗೋಡೆಯ ಪಕ್ಕದ ಬೆಂಚಿನ ಮೇಲೆ ಇಟ್ಟೆ, ಅಲಗು ಗೋಡೆಯ ಕಡೆಗೆ. ಒಂದು ಹೆಜ್ಜೆ ಹಿಂದೆ ಸರಿದೆ. ಎರಡೂ ಕೈ ಖಾಲಿ ಮಾಡಿಕೊಂಡು, "ಇನ್ನು ಸಾಕು ಮಾಡ್ರೋ ಇಬ್ರೂ" ಎಂದು ಕೂಗಿದೆ.

ತಪ್ಪಾಗಿದ್ದು ಇಲ್ಲಿ. ಅವಸರದಲ್ಲಿ ಎಳೆದಾಗ ಒಂದು ಗಂಟು ಸಡಿಲವಾಗಿ ದೊಡ್ಡ ಚಾಕುವಿನ ಹಿಡಿ ಹೊರಗೆ ಬಂದಿತ್ತು. ಸ್ಟೂಲಿನ ಮೇಲಿದ್ದ ಗಿರಾಕಿ ಅದನ್ನು ನೋಡಿ, "ಅಯ್ಯಯ್ಯೋ, ಚಾಕು ತೆಗೆದ್ಲು!" ಎಂದು ಕಿರುಚಿ ಎದ್ದು ಓಡಿದ. ಮೆಕ್ಯಾನಿಕ್ ನನ್ನ ಕಡೆ ತಿರುಗಿದರು. ತಮ್ಮನೂ ತಿರುಗಿದ. ಅವನ ಕಣ್ಣು ನನ್ನ ಮುಖಕ್ಕೆ ಬರಲಿಲ್ಲ, ನೇರವಾಗಿ ಬೆಂಚಿಗೆ ಹೋಯಿತು. ಕಣ್ಣಿನ ಹಿಂದೆಯೇ ಕೈ ಹೋಯಿತು.

ಕೆಳಗಿಟ್ಟ ಚಾಕುವನ್ನು ಯಾರೂ ಮುಟ್ಟುವುದಿಲ್ಲ ಎಂಬುದು ನಮ್ಮ ನಾಲ್ಕು ಗೋಡೆಯೊಳಗಿನ ಮಾತು. ಗ್ಯಾರೇಜಿನ ಬೆಂಚಿಗೆ ಅದು ಗೊತ್ತಿಲ್ಲ, ನನ್ನ ತಮ್ಮನಿಗೂ ಗೊತ್ತಿಲ್ಲ. ಚೀಲ ಹಿಡಿದುಕೊಂಡೇ ನಾನು ರಸ್ತೆಗೆ ಹೋಗಿ ನಿಂತು ಅಲ್ಲಿಂದ ಕೂಗಬೇಕಿತ್ತು. ಇದು ನನಗೆ ತಿಳಿಯುವ ಹೊತ್ತಿಗೆ ಅವನ ಬೆರಳು ಹಿಡಿಗೆ ಒಂದು ಗೇಣು ದೂರದಲ್ಲಿತ್ತು. ಅಷ್ಟು ಭಯ ನನ್ನ ಜೀವಮಾನದಲ್ಲಿ ಆಗಿಲ್ಲ. ಅವನನ್ನು ಎತ್ತಿ ಆಡಿಸಿದವಳು ನಾನು.

ಅವನಿಗಿಂತ ಮೊದಲು ಸುರುಳಿಯನ್ನು ಬಾಚಿಕೊಂಡೆ. ಬೆಂಚಿನ ತುದಿಯಲ್ಲಿ ಹಳೇ ಇಂಜಿನ್ ಆಯಿಲ್ ತುಂಬುವ ಡ್ರಮ್ಮು ಇತ್ತು, ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಟವೆಲು, ಕವಚ ಸಮೇತ ಎರಡೂ ಚಾಕುಗಳನ್ನು ಅದರೊಳಗೆ ಹಾಕಿದೆ. ಕಪ್ಪು ಎಣ್ಣೆ ಮೊಣಕೈವರೆಗೆ ಹಾರಿತು. ಆ ದೊಡ್ಡ ಚಾಕುವಿನ ಹಿಡಿ ನನ್ನ ಅಂಗೈಗೆ ತಕ್ಕ ಹಾಗೆ ಸವೆದಿತ್ತು, ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಮುಳುಗುವಾಗ ಹೊಟ್ಟೆ ಉರಿಯಿತು. ಆದರೂ ನಾಳೆ ಅದೇ ಸಂದರ್ಭ ಬಂದರೆ ಅದೇ ಡ್ರಮ್ಮಿಗೆ ಹಾಕುತ್ತೇನೆ.

ತಮ್ಮ, "ಏನ್ ಮಾಡ್ದೆ ಅಕ್ಕ ನೀನು? ಅವನೆದುರು ನನ್ ಮರ್ಯಾದೆ ತೆಗೆದೆಯಲ್ಲ!" ಎಂದು ನನ್ನ ಮೇಲೆ ಎಗರಿದ. ನಾನು ಅಲ್ಲಿಂದ ಓಡಿದೆ. ಬಸ್ ನಿಲ್ದಾಣದವರೆಗೆ, ಸುಮಾರು ಇನ್ನೂರು ಮೀಟರ್, ಸೀರೆ ಎತ್ತಿ ಹಿಡಿದು, ಖಾಲಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದೆ. ಅವನು ಬೈಯುತ್ತಾ ಹಿಂದೆಯೇ ಬಂದ. ಅಂಗಡಿಯವರು ನಕ್ಕರು. ನಗಲಿ. ಅವನ ಸಿಟ್ಟು ಮೆಕ್ಯಾನಿಕ್ಕನ್ನು ಬಿಟ್ಟು ನನ್ನ ಬೆನ್ನು ಹತ್ತಿತ್ತು, ನನಗೆ ಬೇಕಾಗಿದ್ದೂ ಅದೇ. ನಿಲ್ದಾಣ ತಲುಪುವಷ್ಟರಲ್ಲಿ ಇಬ್ಬರಿಗೂ ಉಸಿರು ಇರಲಿಲ್ಲ. ಉಸಿರಿಲ್ಲದವನು ಯಾರಿಗೆ ಹೊಡೆದಾನು? ಬೆಂಚಿನ ಮೇಲೆ ಕೂತ. ಬಸ್ಸು ಬಂತು. ಹತ್ತಿಸಿದೆ.

ರಾತ್ರಿ ಎಂಟಕ್ಕೆ ಪೊಲೀಸರು ಮನೆಗೆ ಬಂದು, ಗ್ಯಾರೇಜಿನ ಮೆಕ್ಯಾನಿಕ್ ನನ್ನ ಮೇಲೆ ದೂರು ಕೊಟ್ಟಿದ್ದಾರೆ, ಬೆಳಿಗ್ಗೆ ಠಾಣೆಗೆ ಬನ್ನಿ ಎಂದು ತಿಳಿಸಿದರು. ಡ್ರಮ್ಮಿನಿಂದ ತೆಗೆದ ಚಾಕುಗಳನ್ನು ವಶಕ್ಕೆ ತೆಗೆದುಕೊಂಡಿರುವುದಾಗಿಯೂ ಹೇಳಿದರು. ಇವತ್ತು ಬೆಳಿಗ್ಗೆ ಆರೂವರೆಗೆ ಕ್ಯಾಂಟೀನಿನ ಸೂಪರ್‌ವೈಸರ್ ಫೋನ್ ಮಾಡಿ, ಜಗಳದಲ್ಲಿ ಚಾಕು ತೆಗೆದವಳು ಎಂದು ಕಾಗದದ ಮೇಲೆ ಬಂದರೆ ಅಡುಗೆಮನೆಗೆ ಬಿಟ್ಟುಕೊಳ್ಳುವುದು ಕಷ್ಟ, ಇತ್ಯರ್ಥ ಆದಮೇಲೆ ಬನ್ನಿ ಎಂದರು. ಅಂದರೆ ಇವತ್ತು ಇಲ್ಲಿ ಏನು ಬರೆಯುತ್ತೀರೋ ಅದರ ಮೇಲೆ ನನ್ನ ಕೆಲಸ ನಿಂತಿದೆ. ನನಗೆ ಬೇರೆ ಕೆಲಸ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ.

ಏಳು ಗಂಟೆಗೆ ತಮ್ಮನ ಹೆಂಡತಿ ಬ್ಯಾಂಡೇಜಿನ ಕೈ ಹೊತ್ತುಕೊಂಡು ಮಹಡಿ ಹತ್ತಿ ಬಂದಳು. "ಅತ್ತಿಗೆ, ಅವ್ರು ಕೈ ಚಾಚಿದ್ದನ್ನ ಮಾತ್ರ ಹೇಳ್ಬೇಡಿ. ಅವರ ಮೇಲೆ ಕೇಸಾದ್ರೆ ನಮ್ಮ ಗತಿ ಏನು? ನೀವು ಹೆಂಗಸರು, ಕ್ಷಮೆ ಕೇಳಿದ್ರೆ ಅಲ್ಲಿಗೆ ಮುಗಿಯುತ್ತೆ" ಎಂದು ಅತ್ತಳು. ಕಾಫಿ ಮಾಡಿಕೊಟ್ಟೆ. ಹೇಳುವುದಿಲ್ಲ ಎಂದು ಮಾತು ಕೊಡಲಿಲ್ಲ.

ಠಾಣೆಗೆ ಬಂದಮೇಲೆ ಹೆಡ್ ಕಾನ್‌ಸ್ಟೇಬಲ್ ಅವರು ರಾಜಿ ಮಾಡಿಕೊಳ್ಳಿ ಎಂದರು. ಸಿಟ್ಟಿನಲ್ಲಿ ಚಾಕು ತೆಗೆದೆ, ತಪ್ಪಾಯಿತು ಎಂದು ಬರೆದುಕೊಟ್ಟರೆ ಮೆಕ್ಯಾನಿಕ್ ದೂರು ವಾಪಸ್ ತೆಗೆದುಕೊಳ್ಳುತ್ತಾರಂತೆ. ಮೆಕ್ಯಾನಿಕ್ ಎದುರಿಗೇ ಕೂತಿದ್ದರು. ನಿನ್ನೆ ನಿಮ್ಮ ಕಡೆಗೆ ನಾನು ಒಂದು ಹೆಜ್ಜೆಯಾದರೂ ಚಾಕು ಹಿಡಿದು ಬಂದೆನೇ ಎಂದು ಅವರನ್ನೇ ಕೇಳಿದೆ. ಅವರು ಇಲ್ಲ ಎಂದರು, ಆದರೆ ತೆಗೆದಿದ್ದು ಹೌದಲ್ಲ ಎಂದರು. ಹೌದು. ತೆಗೆದಿದ್ದು ಹೌದು. ಕೆಳಗಿಡುವುದಕ್ಕೆ ತೆಗೆದೆ. ನಿಮ್ಮ ಸ್ಪ್ಯಾನರನ್ನು ನೀವು ಯಾವಾಗ ಕೆಳಗಿಟ್ಟಿರಿ ಎಂದು ಕೇಳಿದ್ದಕ್ಕೆ ಅವರು ಕಿಟಕಿ ಕಡೆ ನೋಡಿದರು. ರಾಜಿಗೆ ನಾನು ಒಪ್ಪಲಿಲ್ಲ.

ಈ ಹೇಳಿಕೆಯಲ್ಲಿ ಮೊದಲು "ಬೆದರಿಸುವ ಉದ್ದೇಶದಿಂದ ಚಾಕುವನ್ನು ಹೊರತೆಗೆದೆನು" ಎಂದು ಒಂದು ಸಾಲು ಇತ್ತು. ನಾನು ಹೇಳದ ಮಾತು. ರೈಟರ್ ಅವರು ಇದು ವಾಡಿಕೆ ಎಂದರು. ವಾಡಿಕೆಯಾದರೆ ನಿಮ್ಮ ಹೆಸರಿನಲ್ಲಿ ಬರೆದುಕೊಳ್ಳಿ ಎಂದೆ. ಅವರು ನಕ್ಕು ಆ ಸಾಲನ್ನು ಹೊಡೆದು ಹಾಕಿದರು.

ಆದ್ದರಿಂದ ನಾನು ಬರೆಸುವುದು ಇಷ್ಟು. ಚಾಕು ಹೊರಗೆ ತೆಗೆದವಳು ನಾನು. ಅದಕ್ಕೆ ಕೈ ಚಾಚಿದವನು ನನ್ನ ತಮ್ಮ. ಅದು ಅವನ ಕೈ ಸೇರಲಿಲ್ಲ, ಸೇರಲು ನಾನು ಬಿಡಲಿಲ್ಲ. ಯಾರಿಗೂ ಗಾಯವಾಗಿಲ್ಲ. ಮುಂದೆ ಚಾಕುಗಳನ್ನು ಒಯ್ಯುವುದನ್ನು ನಿಲ್ಲಿಸುತ್ತೀರಾ ಎಂದು ಕೇಳಿದ್ದೀರಿ. ಇಲ್ಲ. ಒಯ್ಯುತ್ತೇನೆ. ಎರಡರ ಜಾಗದಲ್ಲಿ ಮೂರು ಗಂಟು ಹಾಕುತ್ತೇನೆ, ಯಾರಾದರೂ ದನಿ ಏರಿಸಿದರೆ ಚೀಲ ಸಮೇತ ಓಡುತ್ತೇನೆ, ಹೇಡಿ ಎಂದರೆ ಇನ್ನೂ ಜೋರಾಗಿ ಓಡುತ್ತೇನೆ.

ತಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಾನೆ. ಅವನ ಹೆಸರು ಎತ್ತಿದರೆ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎಂದು ಹೆಂಡತಿಯ ಕೈಲಿ ಹೇಳಿ ಕಳಿಸಿದ್ದಾನೆ. ಅವನ ಮೇಲೆ ನೀವು ಏನು ಕ್ರಮ ತೆಗೆದುಕೊಳ್ಳುತ್ತೀರೋ ತೆಗೆದುಕೊಳ್ಳಿ, ಜಾಮೀನಿಗೆ ನಾನೇ ಬಂದು ನಿಲ್ಲುತ್ತೇನೆ. ನನ್ನ ಮೇಲೆ ದೂರು ಕೊಡುವುದಕ್ಕೆ ಆ ಮೆಕ್ಯಾನಿಕ್ ಜೀವಂತ ಇದ್ದಾರೆ. ನನ್ನ ಜೊತೆ ಮಾತು ಬಿಡುವುದಕ್ಕೆ ನನ್ನ ತಮ್ಮ ಕೈಗೆ ರಕ್ತ ಅಂಟದೆ ಹೊರಗೆ ಕೂತಿದ್ದಾನೆ. ಇಬ್ಬರೂ ಅವರವರ ಕೆಲಸ ಮಾಡಿಕೊಳ್ಳಲಿ.

ಮೇಲಿನದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು, ಹೊರಗಿನ ಬೆಂಚಿಗೂ ಕೇಳಿಸುವಷ್ಟು ಗಟ್ಟಿಯಾಗಿ ಓದಿ ಎಂದು ನಾನೇ ಕೇಳಿಕೊಂಡೆ. ನಾನು ಆಡಿದ್ದೇ ಇದರಲ್ಲಿದೆ, ಇದರಲ್ಲಿರುವುದೆಲ್ಲ ನಡೆದದ್ದೇ. ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ಮರುದಿನ, ಬೆಳಿಗ್ಗೆ ಹನ್ನೊಂದು ಗಂಟೆ
ರುಜು: ದೊಡ್ಡಕ್ಕ