ಹಲೋ ಅಣ್ಣ ಕಾಯುತ್ತಿದ್ದ ಮೇಸ್ತ್ರಿ

ಅತ್ತಿಗೆಯವರೇ, ಮಗಳೇ, ಅಳಿಯಂದಿರೇ, ನಮ್ಮ ಮ್ಯಾನೇಜರ್ ಸಾಹೇಬರೇ, ಲಾರಿ ನಿಲ್ಲಿಸಿ ನೇರವಾಗಿ ಇಲ್ಲಿಗೇ ಬಂದಿರುವ ಡ್ರೈವರ್ ಅಣ್ಣಂದಿರೇ, ಹಮಾಲರ ಬಳಗದವರೇ — ಎಲ್ಲರಿಗೂ ನಮಸ್ಕಾರ.

ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ. ಕುರ್ಚಿ ಖಾಲಿ ಇವೆ. ಔಷಧ ಗೋದಾಮಿನವರಿಗೆ ಕರೆದು ಕೂರಿಸಿದರೂ ಕೂತು ಅಭ್ಯಾಸವಿಲ್ಲ, ನನಗೆ ಗೊತ್ತು. ಆದರೂ ಇವತ್ತು ಕೂರಿ.

ಇಲ್ಲಿರುವ ಡ್ರೈವರ್‌ಗಳಲ್ಲಿ ಅನೇಕರು ನಮ್ಮ ಹಲೋ ಅಣ್ಣನ ಮುಖವನ್ನು ಇವತ್ತು ಹಾರ ಹಾಕಿದ ಈ ಫೋಟೋದಲ್ಲೇ ಮೊದಲು ನೋಡುತ್ತಿದ್ದೀರಿ. ಬಾಗಿಲಲ್ಲಿ ಒಬ್ಬರು ನನ್ನ ಕೈ ಹಿಡಿದು ಕೇಳಿದರು — "ಇವರೇನಾ ಸಾರ್? ಆ ದನಿ ಕೇಳಿ ಒಳ್ಳೆ ಆಜಾನುಬಾಹು ಇರ್ಬೇಕು ಅಂದ್ಕೊಂಡಿದ್ದೆ!" ಅಲ್ಲ ಸ್ವಾಮಿ, ಆಳು ಇಷ್ಟೇ ಇದ್ದರು. ದನಿ ಮಾತ್ರ ಅಷ್ಟಿತ್ತು. ಫೋನ್ ಎತ್ತಿದರೆ ಮೊದಲ 'ಹಲೋ'ಗೆ ಬಿಲ್ಲಿಂಗ್ ವಿಭಾಗದಲ್ಲಿ ನನ್ನ ಮೇಜಿನ ಲೋಟ ಅದುರುತ್ತಿತ್ತು. ಅದಕ್ಕೇ ಆ ಹೆಸರು. ಅತ್ತಿಗೆಯವರೂ ಒಮ್ಮೊಮ್ಮೆ ಹಾಗೇ ಕರೆದು ರೇಗಿಸುತ್ತಿದ್ದರಂತೆ.

ಯಾವ ಲಾರಿ ಯಾವ ಊರಿಗೆ, ಯಾವಾಗ ಹೊರಡಬೇಕು ಎಂದು ನಿರ್ಧರಿಸುವುದು ಅವರ ಕೆಲಸ. ಆದರೆ ನಾನು ಇವತ್ತು ಅವರ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಒಬ್ಬ ಮನುಷ್ಯನಿಗಾಗಿ ಕಾದದ್ದರ ಬಗ್ಗೆ ಹೇಳುತ್ತೇನೆ. ಹಳಬರಿಗೆ ಗೊತ್ತಾಗಿರಬೇಕು — ನಮ್ಮ ಹಮಾಲರ ಮೇಸ್ತ್ರಿ.

ಇಬ್ಬರದೂ ಎಂಥ ಜೋಡಿ ಅಂತೀರಿ! ಒಬ್ಬರು ಒಳಗೆ ಫೋನಿನಲ್ಲಿ, ಒಬ್ಬರು ಹೊರಗೆ ಲಾರಿ ತುಂಬುವ ಕಟ್ಟೆಯ ಮೇಲೆ. ಹಲೋ ಅಣ್ಣನ ಕಿಟಕಿ ತೆರೆಯುವುದು ಪಕ್ಕದ ಗೋಡೆಗೆ, ಅಂಗಳ ಕಾಣುವುದಿಲ್ಲ. ಹಾಗಾಗಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಲಾರಿ ತುಂಬಿ, ಹಿಂದಿನ ಬಾಗಿಲು ಹಾಕಿದ ಮೇಲೆ ಮೇಸ್ತ್ರಿ ಅಂಗೈಯಿಂದ ಅದರ ಮೇಲೆ ಬಡಿಯಬೇಕು — ಢಬ್, ಢಬ್. ಅದು ಕೇಳಿದ ಮೇಲೆಯೇ ಹಲೋ ಅಣ್ಣ ಡ್ರೈವರ್‌ಗೆ ಫೋನ್ ಮಾಡಿ "ಹೊರಡಪ್ಪಾ" ಅನ್ನುವುದು. ಅವರ ಮಾತು ಬರುವತನಕ ಯಾವ ಡ್ರೈವರೂ ಚಾವಿ ತಿರುಗಿಸುತ್ತಿರಲಿಲ್ಲ. ಮಧ್ಯಾಹ್ನವಾದರೆ ಇಬ್ಬರೂ ಅದೇ ಕಟ್ಟೆಯ ತುದಿಯಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ಒಬ್ಬರ ಡಬ್ಬಿಗೆ ಇನ್ನೊಬ್ಬರು ಹೆಸರಿಡುವುದು, ಕೊನೆಗೆ ಅದನ್ನೇ ತಿನ್ನುವುದು.

ಆಮೇಲೆ ಆ ಕಾಯಿಲೆ ಬಂತು. ಊರು ಮುಚ್ಚಿತು.

ನಮ್ಮ ಹಮಾಲರು ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ಮಲಗುತ್ತಿದ್ದರು. ಒಂದು ಬೆಳಿಗ್ಗೆ ಮೇಲಿನ ಕಚೇರಿಯಿಂದ ಆದೇಶ ಬಂತು, ಆವರಣದೊಳಗೆ ಯಾರೂ ವಾಸ ಮಾಡುವಂತಿಲ್ಲ ಎಂದು. ಹಲೋ ಅಣ್ಣ ಫೋನಿನಲ್ಲಿ ಕೂಗಾಡಿದರು. ಅಷ್ಟು ದೊಡ್ಡ ದನಿಯೂ ಅವತ್ತು ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಅವರ ಊರಿನ ಕಡೆ ಖಾಲಿ ಹೋಗುತ್ತಿದ್ದ ಒಂದು ಲಾರಿ ಹಿಡಿದು, ಅವರನ್ನೆಲ್ಲ ಹತ್ತಿಸಿದರು. ಹೊರಟಾಗ ಗೇಟು ಹಾಕಿಕೊಂಡಿತು. ಲಾರಿಯ ಹಿಂಬದಿಯಲ್ಲಿ ಕೂತಿದ್ದ ಮೇಸ್ತ್ರಿ ಆ ಗೇಟನ್ನೇ ನೋಡುತ್ತಿದ್ದರು.

ಕೆಲವೇ ದಿನಗಳಲ್ಲಿ ಇನ್ನೊಂದು ಆದೇಶ. ಔಷಧಿ ಅತ್ಯಗತ್ಯ, ಗೋದಾಮು ತೆರೆಯಿರಿ!

ತೆರೆದೆವು. ಆದರೆ ಯಾರನ್ನು ಇಟ್ಟುಕೊಂಡು ತೆರೆಯುವುದು? ಆಳಿಲ್ಲ. ಅರ್ಧ ಡ್ರೈವರ್‌ಗಳಿಗೆ ಜ್ವರ, ಇನ್ನರ್ಧ ಚೆಕ್‌ಪೋಸ್ಟಿನ ಸಾಲಿನಲ್ಲಿ. ದಾರಿಯಲ್ಲಿ ಒಂದು ಹೋಟೆಲ್ ತೆರೆದಿಲ್ಲ. ಮಾಲಿನ ಪರಿಸ್ಥಿತಿ ಇನ್ನೂ ವಿಚಿತ್ರ. ಸಿರಿಂಜ್ ಬಂದರೆ ಸೂಜಿ ಇಲ್ಲ, ಸೂಜಿ ಬಂದಿದೆ ಎಂದರೆ ಬಂದರಿನಲ್ಲಿ ಇಳಿಸುವವರಿಲ್ಲ. ಔಷಧಿ ಸಿದ್ಧವಿದೆ, ಬಾಟಲಿಗೆ ಮುಚ್ಚಳ ಇಲ್ಲ ಎಂದು ಒಂದು ಕಾರ್ಖಾನೆಯವರು ಪತ್ರ ಬರೆದಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸರಿ, ಆಫೀಸಿನವರೇ ಲಾರಿ ತುಂಬಲು ಇಳಿದೆವು. ನಾನು, ಟೈಪಿಸ್ಟ್ ಮೇಡಂ, ಲೆಕ್ಕದವರು, ನಮ್ಮ ಈ ಸಾಹೇಬರು ಕೂಡ. ಮೊದಲ ದಿನ ಆಸ್ಪತ್ರೆಗೆ ಹೋಗಬೇಕಾದ ಸಲೈನ್. ನೀರು ತುಂಬಿದ ಪೆಟ್ಟಿಗೆ, ಅದರ ಭಾರ ನೆನೆದರೆ ಈಗಲೂ ಸೊಂಟ ಹಿಡಿಯುತ್ತದೆ. ಅಂತೂ ತುಂಬಿದೆವು. ಬಾಗಿಲು ಹಾಕಿ, ಕೈ ತೊಳೆದು, ನೆರಳಿನಲ್ಲಿ ಕಾಲು ಚಾಚಿ ಕೂತೆವು. ಘನಕಾರ್ಯ ಮಾಡಿದ ಸಂತೋಷ ಬೇರೆ!

ಲಾರಿ ನಿಂತೇ ಇತ್ತು. ನಾವು ನೋಡುತ್ತ ಕೂತೇ ಇದ್ದೆವು. ಒಳಗೆ ಹಲೋ ಅಣ್ಣನಿಗೆ ಆಸ್ಪತ್ರೆಯಿಂದ ಫೋನ್ ಮೇಲೆ ಫೋನ್. "ತುಂಬ್ತಾ ಇದ್ದಾರೆ ಕಣ್ರೀ, ಪಾಪ, ಹೊಸಬರು, ತಾಳಿ ಸ್ವಲ್ಪ" — ಗುಡುಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಡ್ರೈವರ್ ಇಳಿದು ಅವರ ಕೋಣೆಯೊಳಗೆ ತಲೆ ತೂರಿಸಿದ.

"ಅಣ್ಣಾ, ನನ್ನನ್ನ ಕಳಿಸ್ತೀರೋ, ಇಲ್ಲೇ ಸಾಕ್ಕೋತೀರೋ?"

"ತುಂಬಿದ್ದಾಯ್ತಾ?"

"ಆಗಿ ಯಾವ ಕಾಲ ಆಯ್ತು!"

"ಮತ್ತೆ ಬಾಗ್ಲು ಬಡೀಲೇ ಇಲ್ವಲ್ಲಯ್ಯಾ!"

ನೋಡಿ — ಬಡಿಯಬೇಕು ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಬಡಿಯುವವರು ಇಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ. ದೇವರ ದಯೆ, ಆಸ್ಪತ್ರೆಯವರು ಅಕ್ಕಪಕ್ಕದಿಂದ ಪೆಟ್ಟಿಗೆ ತರಿಸಿಕೊಂಡು ನಿಭಾಯಿಸಿದ್ದರು, ಯಾರಿಗೂ ತೊಂದರೆಯಾಗಲಿಲ್ಲ. ಲಾರಿ ಹೋಯಿತು. ಬಯ್ಯುತ್ತಾರೆ ಎಂದುಕೊಂಡು ನಾನು ಒಳಗೆ ಹೋದೆ. ಬಯ್ಯಲಿಲ್ಲ. ಫೋನ್ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. "ಬೆಳಿಗ್ಗೆಯಿಂದ ಕಿವಿ ಕೊಟ್ಟು ಕೂತಿದ್ದೆ ಕಣಯ್ಯಾ. ಅವನು ಹೊರಗಡೆ ಇದ್ದಾನೆ ಅಂತ್ಲೇ ಕೂತಿದ್ದೆ" ಅಂದರು.

ನನ್ನ ಎದುರಿಗೇ, ಸ್ಪೀಕರ್ ಹಾಕಿ, ಮೇಸ್ತ್ರಿಗೆ ಫೋನ್ ಮಾಡಿದರು.

"ಬಂದ್ಬಿಡೋ ಮಾರಾಯ."

"ಯಾಕಣ್ಣ? ಆಫೀಸ್ನೋರು ಚೆನ್ನಾಗಿ ತುಂಬ್ತಾರಂತಲ್ಲ?"

"ತುಂಬ್ತಾರೆ, ತುಂಬ್ತಾರೆ. ಬಿಲ್ಲಿಂಗ್‌ನೋನು ಒಂದು ಪೆಟ್ಟಿಗೆ ಎತ್ತಿ ಎರಡು ಸಲ ಕೂತ್ಕೋತಾನೆ."

ನಗಿ, ಪರವಾಗಿಲ್ಲ. ನಾನೇ ಆ ಬಿಲ್ಲಿಂಗ್‌ನವನು. ಆದರೆ ಮೇಸ್ತ್ರಿ ನಗಲಿಲ್ಲ.

"ಗೇಟ್ ಹಾಕೋವಾಗ ನಾವು ಕಾಣ್ಲಿಲ್ಲ. ಪೆಟ್ಟಿಗೆ ಎತ್ತೋಕೆ ಮಾತ್ರ ಈಗ ಕಾಣ್ತೀವಾ ಅಣ್ಣ?"

ಹಲೋ ಅಣ್ಣ ಫೋನನ್ನು ಮೆಲ್ಲಗೆ ಕೆಳಗಿಟ್ಟರು. ಮೇಸ್ತ್ರಿ ಕೇಳಿದ್ದು ಸರಿಯಾಗೇ ಇತ್ತು. ಸಾಹೇಬರ ಎದುರಿಗೇ ಹೇಳುತ್ತಿದ್ದೇನೆ, ಅವರೂ ಇದನ್ನು ಒಪ್ಪುತ್ತಾರೆ.

ತಿಂಗಳುಗಳು ಕಳೆದವು. ಹಮಾಲರು ಒಬ್ಬೊಬ್ಬರಾಗಿ ಬಂದರು. ಇಲ್ಲೇ ಕೂತಿದ್ದೀರಿ ನೀವೆಲ್ಲ. ಒಬ್ಬೊಬ್ಬರು ಬಂದಾಗಲೂ ಹಲೋ ಅಣ್ಣ ಎದ್ದು ಹೊರಗೆ ಬಂದು ನೋಡುತ್ತಿದ್ದರು, ಭುಜ ತಟ್ಟುತ್ತಿದ್ದರು, ಬಂದವರ ಹಿಂದೆ ಇನ್ನೊಬ್ಬರು ಇದ್ದಾರೇನೋ ಎಂದು ಇಣುಕುತ್ತಿದ್ದರು. ಇರುತ್ತಿರಲಿಲ್ಲ.

ಒಂದು ದಿನ, ಜೀವಮಾನವಿಡೀ ಲಾರಿ ಕಳಿಸಿದ ಮನುಷ್ಯ, ಎಂದೂ ಲಾರಿ ಹತ್ತದ ಮನುಷ್ಯ, ಲಾರಿ ಹತ್ತಿದರು. ಕರೆದುಕೊಂಡು ಹೋದ ಡ್ರೈವರ್ ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ. ಅವರು ಹೇಳಿದ್ದನ್ನೇ ಹೇಳುತ್ತೇನೆ. ದಾರಿಯುದ್ದಕ್ಕೂ ಒಂದೇ ಪ್ರಶ್ನೆಯಂತೆ — "ನೀವೆಲ್ಲ ಬ್ರೇಕ್ ಸುಟ್ಕೊಳ್ಳೋ ಇಳಿಜಾರು ಇದೇನಾ? ಆ ಕಳ್ಳ ತಿರುವು ಇದೇನಾ?" ಮಕ್ಕಳ ಹಾಗೆ ಕಿಟಕಿಯಿಂದ ಕತ್ತು ಹೊರಗೆ!

ಮೇಸ್ತ್ರಿ ಊರಿನ ಹತ್ತಿರ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ್ದರು. ಇಬ್ಬರೂ ಹಲಗೆಯ ರಾಶಿಯ ಮೇಲೆ ಕೂತರು. ಆಮೇಲೆ ಮೇಸ್ತ್ರಿ ಕೇಳಿದರು.

"ಅಣ್ಣ, ನಿಮಗೆ ಬೇಕಾಗಿರೋದು ನಾನಾ, ನನ್ನ ಭುಜಾನಾ?"

"ಭುಜ ಕಂಪನಿಗೆ ಬೇಕಯ್ಯಾ. ನನಗೆ —" ಎಂದು ನಿಲ್ಲಿಸಿ, ಮರದ ಹೊಟ್ಟನ್ನು ಕಾಲಿನಿಂದ ಕೆದಕುತ್ತ, "ನನಗೆ ಮಧ್ಯಾಹ್ನ ಊಟಕ್ಕೆ ಜೊತೆ ಯಾರೂ ಇಲ್ಲ" ಅಂದರಂತೆ.

"ಅಷ್ಟಕ್ಕೆ ಇಷ್ಟು ದೂರ ಬಂದ್ರಾ?"

"ಇನ್ನೇನಕ್ಕೆ ಬರ್ಲಿ?"

ಅವತ್ತು ಅಲ್ಲೇ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ಹೊರಡುವಾಗ ಮೇಸ್ತ್ರಿ ಲಾರಿಯವರೆಗೆ ಬಂದರು. "ನಿಮ್ಮ ಮೇಲೆ ಸಿಟ್ಟಿಲ್ಲ ಅಣ್ಣ. ಆದ್ರೆ ಆ ಗೇಟ್ ನೆನೆಸಿಕೊಂಡ್ರೆ ಕಾಲು ಬರಲ್ಲ" ಅಂದರು. ಹಲೋ ಅಣ್ಣ ತಲೆಯಾಡಿಸಿ ಲಾರಿ ಹತ್ತಿದರು. ವಾಪಸ್ ಬರುವಾಗ ತಿರುವು, ಇಳಿಜಾರು ಯಾವುದನ್ನೂ ಕೇಳಲಿಲ್ಲವಂತೆ.

ಆಮೇಲೆ 'ಬಾ' ಎಂದು ಅವರು ಒಮ್ಮೆಯೂ ಕರೆಯಲಿಲ್ಲ. ಆದರೆ ಊಟದ ಹೊತ್ತಿಗೆ ಫೋನನ್ನು ಡಬ್ಬಿಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಆ ಕಡೆ ಮಿಲ್ಲಿನ ಗರಗಸದ ಸದ್ದು, ಈ ಕಡೆ ನಮ್ಮ ಅಂಗಳದ ಸದ್ದು.

"ಏನಯ್ಯಾ ಇವತ್ತು?"

"ನಿನ್ನೆದೇ. ನಿಮ್ಮದು?"

"ಉಪ್ಪು ಮರೆತಿದ್ದಾಳೆ ನಿಮ್ಮತ್ತಿಗೆ. ಹೇಳೋ ಧೈರ್ಯ ಇಲ್ಲ."

ಇಷ್ಟೇ. ಆ ಕಾಯಿಲೆ ಹೋಯಿತು, ಮುಖಗವಸು ಹೋಯಿತು, ಮಾಲು ಮೊದಲಿನಂತೆ ಬರತೊಡಗಿತು. ಜನ ಮರೆತರು. ಆ ಊಟ ಮಾತ್ರ ನಡೆದೇ ಇತ್ತು. ಅತ್ತಿಗೆಯವರು ಮೊನ್ನೆ ಹೇಳಿದರು — ಎಷ್ಟೋ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಅನ್ನುತ್ತಿದ್ದರಂತೆ: "ವಾಪಸ್ ಬರ್ತೀಯಾ ಅಂತ ಇವತ್ತು ಕೇಳೇಬಿಡೋಣ ಅನ್ನಿಸ್ತು ಕಣೇ. ಬಾಯಿಗೆ ಬಂದಿತ್ತು. ಕೇಳಲಿಲ್ಲ."

ಹೋದ ವಾರ ಅವರು ಹೋದರು. ನಿದ್ದೆಯಲ್ಲೇ. ಮೇಸ್ತ್ರಿಗೆ ಸುದ್ದಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹಲೋ ಅಣ್ಣನ ಫೋನಿನಿಂದಲೇ ಮಾಡಿದೆ, ಆಗ ಊಟದ ಹೊತ್ತು. ಹಲೋ ಅನ್ನುವ ಮೊದಲೇ ಆ ಕಡೆಯಿಂದ, "ಇವತ್ತು ತಡ ಆಯ್ತಲ್ಲ ಅಣ್ಣ, ನಾನು ಶುರು ಮಾಡ್ಬಿಟ್ಟೆ" ಅಂದರು —

ಕ್ಷಮಿಸಿ. ಒಂದು ನಿಮಿಷ.

ಹೇಳಿದೆ. ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ. ಗರಗಸದ ಸದ್ದು ಕೇಳುತ್ತಲೇ ಇತ್ತು.

ಈಗ ಈ ಬೆಳಿಗ್ಗೆಯ ವಿಷಯ. ಇಲ್ಲಿಗೆ ಬರುವ ಮೊದಲು ನಾವು ಆಫೀಸಿನವರು ಗೋದಾಮಿನಲ್ಲಿ ಸೇರಿದ್ದೆವು. ಸಭೆ ಮುಗಿಯುವತನಕ ಲಾರಿಗಳು ನಿಲ್ಲಲಿ ಎಂದು ಸಾಹೇಬರು ಹೇಳಿದ್ದರು. ಅಷ್ಟರಲ್ಲಿ ಗೇಟಿನ ಹೊರಗೆ ಒಬ್ಬರು ನಿಂತಿದ್ದಾರೆ ಎಂದು ಕಾವಲಿನವರು ಬಂದು ಹೇಳಿದರು. ಹೋಗಿ ನೋಡಿದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಸ್ಸಿಳಿದು ಬಹಳ ಹೊತ್ತಾಗಿತ್ತಂತೆ. ಒಳಗೆ ಬನ್ನಿ ಎಂದು ನಾನು ಅನ್ನಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತೆ. ಆಮೇಲೆ ಅವರಾಗಿಯೇ ಒಂದು ಕಾಲು ಒಳಗಿಟ್ಟರು.

ಬಂದವರೇ ಕಟ್ಟೆ ನೋಡಿದರು, ನಿಂತ ಲಾರಿ ನೋಡಿದರು. "ಇದು ಎಲ್ಲಿಗೆ?" ಅಂದರು. ಆಸ್ಪತ್ರೆಗೆ, ಅಂದೆ.

"ಮತ್ತೆ ನಿಲ್ಲಿಸಿದ್ದೀರಲ್ಲ! ಅಣ್ಣ ಇದ್ದಿದ್ರೆ ನಿಮ್ಮನ್ನ ಸುಮ್ನೆ ಬಿಡ್ತಿದ್ರಾ? ಹೋಗಿ, ಎಲ್ಲ ಸಭೆಗೆ ಹೋಗಿ. ನಾನು ತುಂಬ್ತೀನಿ."

"ಒಬ್ಬರೇನಾ?"

"ನಿಧಾನ ಆಗುತ್ತೆ. ಆಗ್ಲಿ."

"ನೀವೂ ಸಭೆಗೆ ಬನ್ನಿ ಮೇಸ್ತ್ರಿ, ನಿಮಗೋಸ್ಕರ ಕಾದವರು ಅವರು."

"ಕುರ್ಚಿ ಮೇಲೆ ಕೂತು ಫೋಟೋ ನೋಡೋಕೆ ನನ್ನ ಕೈಲಾಗಲ್ಲ ಸಾರ್" ಅಂದರು. ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ನಾನು ಹೊರಟು ಗೇಟಿನ ಹತ್ತಿರ ಬಂದಾಗ ಕೂಗಿ ಕರೆದರು.

"ನಾನು ಬಂದಿದ್ದೀನಿ ಅಂತ ಹೇಳಿ."

ಯಾರಿಗೆ ಎಂದು ನಾನು ಕೇಳಲಿಲ್ಲ.

ಇಲ್ಲಿ ಕೂತಿರುವ ಹಮಾಲರು ನನ್ನ ಮುಖ ನೋಡುತ್ತಿದ್ದೀರಿ. ನಿಮ್ಮಲ್ಲಿ ಕೆಲವರಿಗೆ ಈಗಲೇ ಎದ್ದು ಹೋಗಿ ಕೈಜೋಡಿಸಬೇಕು ಅನ್ನಿಸುತ್ತಿದೆ, ನನಗೆ ಗೊತ್ತು. ಹೋಗಿ, ಆದರೆ ಇದೊಂದು ಆಗಲಿ. ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಅತ್ತಿಗೆ, ನಿಮಗೆ ಆಗದಿದ್ದರೆ ಕೂತೇ ಇರಿ. ಫೋನುಗಳನ್ನು ದಯವಿಟ್ಟು ಆರಿಸಿ. ನಾನು ಹೇಳಬೇಕಾದ್ದು ಇನ್ನೊಂದೇ ಮಾತು, ಅದು ನಿಮಗಲ್ಲ. ಅದಾದ ಮೇಲೆ ಎಲ್ಲರೂ ಮೌನವಾಗಿರೋಣ.

ಅಣ್ಣ — ಮೇಸ್ತ್ರಿ ಬಂದಿದ್ದಾರೆ.