ಮಧ್ಯದ ಕೋಣೆಯ ಬೀಗ ಒಡೆದದ್ದರ ಬಗ್ಗೆ

ಬೈಂಡಿಂಗ್ ಮನೆಯ ದೊಡ್ಡಮ್ಮ ಎಂದು ಬೀದಿಯವರೆಲ್ಲ ಕರೆಯುವವಳು ನಾನು. ವಯಸ್ಸು 68 ವರ್ಷ. ಕಸುಬು ಪುಸ್ತಕ ಕಟ್ಟುವುದು. ಓದು ಹತ್ತನೆಯ ತರಗತಿ. ವಾಸ ಅಂಚೆ ಕಚೇರಿಯ ಹಿಂದಿನ ಬೀದಿ, 14ನೇ ನಂಬರ್ ಮನೆಯ ಎಡಭಾಗ. ಈ ಠಾಣೆಯ ರಿಜಿಸ್ಟರುಗಳನ್ನು ಇಪ್ಪತ್ತೆರಡು ವರ್ಷಗಳಿಂದ ಹೊಲಿದು ಕೊಡುತ್ತಿರುವವಳೂ ನಾನೇ. ನನ್ನ ಮೈದುನ ಇವತ್ತು ಕೊಟ್ಟಿರುವ ದೂರಿನ ಬಗ್ಗೆ ವಿಚಾರಿಸಿದ್ದಕ್ಕೆ, ಯಾರೂ ಹೇಳಿಕೊಡದೆ ನಾನೇ ತಿಳಿಸುವುದೇನೆಂದರೆ:

ಮನೆಯ ಬಲಭಾಗದಲ್ಲಿ ಮೈದುನ ಮತ್ತು ಅವನ ಹೆಂಡತಿ ವಾಸವಿದ್ದಾರೆ. ಎಡಭಾಗದಲ್ಲಿ ನಾನು ಮತ್ತು ಮಗಳು. ಮಧ್ಯದ ಕೋಣೆಯಲ್ಲಿ ನಮ್ಮ ಮಾವನವರ ಕಾಲದ, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸು ಮತ್ತು ಹಿತ್ತಾಳೆಯ ಅಚ್ಚುಗಳಿವೆ. ನಾನು ಕೆಲಸ ಕಲಿತದ್ದು ಆ ಪ್ರೆಸ್ಸಿನಲ್ಲಿ. ಆಗ ನನಗೆ ಹತ್ತೊಂಬತ್ತು ವರ್ಷ. ಹದಿನಾಲ್ಕು ತಿಂಗಳ ಹಿಂದೆ ಕೋಣೆ ಯಾರದೆಂದು ಜಗಳವಾಗಿ ಇದೇ ಠಾಣೆಯಲ್ಲಿ ರಾಜಿ ಪತ್ರ ಬರೆದು ಇಬ್ಬರೂ ಸಹಿ ಹಾಕಿದೆವು. ಬಾಗಿಲಿಗೆ ಎರಡು ಬೀಗ, ನನ್ನದೊಂದು, ಅವನದೊಂದು. ಇಬ್ಬರೂ ಒಪ್ಪಿದರೆ ಮಾತ್ರ ತೆಗೆಯುವುದು. ಒಪ್ಪಿಗೆಯಿಲ್ಲದೆ ಒಡೆದವರಿಗೆ ಕೋಣೆಯ ಮೇಲಾಗಲಿ ಪ್ರೆಸ್ಸಿನ ಮೇಲಾಗಲಿ ಹಕ್ಕಿಲ್ಲ ಎಂಬ ಸಾಲನ್ನು ಹಟ ಹಿಡಿದು ಸೇರಿಸಿದವಳು ನಾನು. ಮೈದುನನ ಅವಸರ ನನಗೆ ಗೊತ್ತಿತ್ತು. ಅದು ಅವನಿಗಾಗಿಯೇ ಬರೆಸಿದ ಸಾಲು.

ಎರಡು ತಿಂಗಳಿಂದ ಒಂದು ಅಳಿಲು ನಮಗೆ ಕಾಟ ಕೊಡುತ್ತಿತ್ತು. ಹೊಲಿದಿಟ್ಟ ರಿಜಿಸ್ಟರುಗಳ ಅಂಚು ಕಡಿಯುತ್ತಿತ್ತು. ಮೇಣ ಹಚ್ಚಿದ ದಾರವನ್ನು ಉಂಡೆಯಿಂದಲೇ ಎಳೆದೊಯ್ಯುತ್ತಿತ್ತು. ಒಂದು ದಿನ ವೈರು ಕಡಿದು ಮನೆಯ ದೀಪವನ್ನೇ ಆರಿಸಿತು. ಮಗಳು ಅಂಟಿನ ಹಾಳೆ ತರುತ್ತೇನೆಂದಳು. ಓರಗಿತ್ತಿ ವಿಷದ ಬಿಸ್ಕತ್ತು ಸಿಗುತ್ತದಂತೆ ಎಂದು ಹೇಳಿ ಕಳಿಸಿದಳು. ಎರಡೂ ಬೇಡ, ಕಳ್ಳನ ದಾರಿ ಮುಚ್ಚಿದರೆ ಸಾಕು, ಸಾಯಿಸೋದ್ಯಾಕೆ ಎಂದು ನಾನು ಹೇಳಿದೆನು. ಅದು ಮಧ್ಯದ ಕೋಣೆಯ ಸೂರಿನ ಕೆಳಗಿನ ತೂತಿನಲ್ಲಿ ಹೋಗಿ ಬರುತ್ತಿದ್ದುದನ್ನು ನಾನೇ ಕಾದು ಪತ್ತೆ ಮಾಡಿದೆನು.

ನಿನ್ನೆ ಸೋಮವಾರ ಬೆಳಿಗ್ಗೆ 10.20ಕ್ಕೆ ಅಳಿಲು ಹೊರಗೆ ಹೋಯಿತು. 10.35ರೊಳಗೆ ಮಗಳು ಏಣಿ ಹತ್ತಿ, ನಾನು ಹೇಳಿದಂತೆ, ತೂತಿಗೆ ತಗಡಿಟ್ಟು ಎಂಟು ಮೊಳೆ ಹೊಡೆದಳು. ಏಣಿ ಹಿಡಿದವಳು ನಾನು. 11 ಗಂಟೆಗೆ ಅಳಿಲು ವಾಪಸು ಬಂದು ತಗಡನ್ನು ಕೆರೆಯತೊಡಗಿತು. ಸಂಜೆ 4ಕ್ಕೆ ಮಗಳು, ಅಮ್ಮಾ ಅದು ಹೋಗೇ ಇಲ್ಲ, ಕೆರೀತಾನೇ ಇದೆ ಎಂದಳು. ಹಟಮಾರಿ ಮಗುವಿದ್ದ ಹಾಗೆ, ನೋಡುವವರಿಲ್ಲದಿದ್ದರೆ ಸುಮ್ಮನಾಗುತ್ತೆ ಬಿಡು ಎಂದೆನು.

ಇಂದು ಮಂಗಳವಾರ ಬೆಳಿಗ್ಗೆ 6.50ಕ್ಕೆ ನೋಡಿದಾಗಲೂ ಅದು ಅಲ್ಲೇ ಇತ್ತು. ತಗಡಿನ ಅಂಚಿನಲ್ಲಿ ರಕ್ತದ ಗುರುತಿತ್ತು. ಗೋಡೆಗೆ ಕಿವಿಯಿಟ್ಟಾಗ ಕೋಣೆಯೊಳಗಿನಿಂದ ಸಣ್ಣ ಕೂಗು ಕೇಳಿಸಿತು. ಕೂಡಲೇ ತಗಡು ತೆಗೆಸಿದೆನು. ಅಳಿಲು ಒಳಗೆ ನುಗ್ಗಿತು, ಆದರೆ ಕೂಗು ನಿಲ್ಲಲಿಲ್ಲ. ಹಿತ್ತಲಿನ ಕಿಟಕಿಯ ಸಂದಿನಲ್ಲಿ ಟಾರ್ಚ್ ಬಿಟ್ಟು ನೋಡಿದೆನು. ಮೊಳೆ ಹೊಡೆದ ಅದುರಿಗೆ ತೊಲೆಯ ಮೇಲಿದ್ದ ಗೂಡು ಜಾರಿ ಪ್ರೆಸ್ಸಿನ ಹಿಡಿಕೆಗೆ ಸಿಕ್ಕಿಕೊಂಡಿತ್ತು. ಮೂರು ಮರಿಗಳು ದಾರದಲ್ಲಿ ಸುತ್ತಿಕೊಂಡು ನೇತಾಡುತ್ತಿದ್ದವು. ತಾಯಿ ಒಂದನ್ನು ಕಚ್ಚಿ ಎಳೆಯುವುದು, ದಾರ ಬಿಡದಿರುವುದು, ಮತ್ತೆ ಎಳೆಯುವುದು. ಕಿಟಕಿಯಿಂದ ಪ್ರೆಸ್ಸು ಆರು ಅಡಿ ದೂರವಿದೆ. ಕೈಗೆ ಎಟುಕುವುದಿಲ್ಲ.

7.30ಕ್ಕೆ ಪ್ರಾಣಿ ರಕ್ಷಣೆಯವರಿಗೆ ಫೋನ್ ಮಾಡಿದೆನು. ತಾವು ಬರುವುದು ಮಧ್ಯಾಹ್ನವಾಗುತ್ತದೆ, ಸಾಧ್ಯವಾದರೆ ಬಟ್ಟೆಯಲ್ಲಿ ಹಿಡಿದು ದಾರ ಕತ್ತರಿಸಿ, ಪೆಟ್ಟಿಗೆಯಲ್ಲಿಟ್ಟು ದೂರ ನಿಲ್ಲಿ, ತಾಯಿ ಬಂದು ಒಯ್ಯುತ್ತದೆ ಎಂದರು.

7.40ಕ್ಕೆ ಮೈದುನನ ಬಾಗಿಲಿಗೆ ಹೋದೆನು. ಕ್ಷೌರ ಮಾಡಿಕೊಳ್ಳುತ್ತಿದ್ದವನು ತಿರುಗದೆ, ಕನ್ನಡಿಯಲ್ಲೇ ನನ್ನನ್ನು ನೋಡಿ, ಏನತ್ತಿಗೆ, ದಾರಿ ತಪ್ಪಿ ಬಂದ್ರಾ ಎಂದನು. ವಿಷಯ ಹೇಳಿದೆನು. ಅಳಿಲಿನ ಹೆಸರಲ್ಲಿ ಕೋಣೆ ತೆಗೆಸೋ ಉಪಾಯ ಚೆನ್ನಾಗಿದೆ ಎಂದನು. ಓರಗಿತ್ತಿ, ಅಕ್ಕಾ ಒಳಗೆ ಬನ್ನಿ, ಕೂತ್ಕೊಳ್ಳಿ ಎಂದಳು. ಕೂರಲಿಲ್ಲ. ಎರಡನೆಯ ಸಲ, ದಯವಿಟ್ಟು ಎಂಬ ಮಾತನ್ನೂ ಸೇರಿಸಿ ಕೇಳಿದೆನು. ಒಡೀರಿ ಅತ್ತಿಗೆ, ಯಾರು ಬೇಡ ಅಂದ್ರು, ನೀವೇ ಬರೆಸಿದ ಸಾಲಿದೆಯಲ್ಲ ಎಂದು ನಕ್ಕನು.

8.25ಕ್ಕೆ ನನ್ನ ಬೀಗವನ್ನು ಕೀಲಿಯಿಂದ ತೆಗೆದು, ಅವನ ಬೀಗವನ್ನು ಸುತ್ತಿಗೆಯಿಂದ ಮೂರು ಪೆಟ್ಟು ಹೊಡೆದು ಒಡೆದೆನು. ಮಗಳು ಬೇಡವೆಂದು ನನ್ನ ಕೈ ಹಿಡಿದಳು. ಅವಳ ಪಾತ್ರ ಇದರಲ್ಲಿ ಇಲ್ಲ. ಒಳಗೆ ಹನ್ನೊಂದು ನಿಮಿಷ ಇದ್ದೆನು. ದಾರ ನಮ್ಮದೇ, ನಾನೇ ಮೇಣ ಹಚ್ಚಿದ್ದು. ಎರಡು ಮರಿಗಳು ಜೀವಂತವಿದ್ದವು. ಮೂರನೆಯದರ ಕುತ್ತಿಗೆಗೆ ದಾರ ಬಿಗಿದಿತ್ತು. ಆ ದಾರವನ್ನೂ ಕತ್ತರಿಸಿ ಮರಿಯನ್ನು ಬಿಡಿಸಿದೆನು. ಹಿತ್ತಾಳೆ ಅಚ್ಚುಗಳನ್ನು ಕದ್ದೆನೆಂದು ಮೈದುನ ಬರೆಸಿರುವುದು ಸುಳ್ಳು. ನೆಲದ ಧೂಳಿನಲ್ಲಿ ನನ್ನ ಹೆಜ್ಜೆ ಬಾಗಿಲಿನಿಂದ ಪ್ರೆಸ್ಸಿನವರೆಗೆ ಮಾತ್ರ ಇದೆ, ಸಾಹೇಬರು ಹೋಗಿ ನೋಡಬಹುದು. ಪ್ರೆಸ್ಸಿನ ಹಿಡಿಕೆಯನ್ನು ಎರಡು ಸಲ ಮುಟ್ಟಿದೆನು. ಎರಡನೆಯ ಸಲ ಮುಟ್ಟುವ ಅಗತ್ಯವಿರಲಿಲ್ಲ.

ಎರಡು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ತೂತಿನ ಕೆಳಗಿನ ಕಿಟಕಿಕಟ್ಟೆಯ ಮೇಲಿಟ್ಟು, ಹದಿನೈದು ಅಡಿ ದೂರ ನಿಂತೆವು. 9.05ಕ್ಕೆ ತಾಯಿ ಒಂದನ್ನು ಕಚ್ಚಿಕೊಂಡು ಅದೇ ತೂತಿನೊಳಗೆ ಒಯ್ದಿತು. 9.20ಕ್ಕೆ ಇನ್ನೊಂದನ್ನು ಒಯ್ದಿತು. 9.26ಕ್ಕೆ ಮೂರನೆಯ ಸಲ ಬಂದು ಪೆಟ್ಟಿಗೆಯ ಬಟ್ಟೆಯನ್ನು ಎತ್ತಿ ನೋಡಿತು. 10 ಗಂಟೆಯವರೆಗೆ ನಾಲ್ಕು ಸಲ ಬಂದು ನೋಡಿತು. ಆಮೇಲೆ ಪೆಟ್ಟಿಗೆಯನ್ನು ನಾನು ತೆಗೆದೆನು.

ಬೀಗ ಒಡೆದವಳು ನಾನು. ಬರೆಸಿದ ಸಾಲು ನನಗೂ ಸಲ್ಲುತ್ತದೆ. ಅಳಿಲಿಗೋಸ್ಕರ ತಾತನ ಪ್ರೆಸ್ ಬಿಟ್ಟುಕೊಡ್ತೀಯಾ ಅಮ್ಮಾ ಎಂದು ಮಗಳು ಅತ್ತಳು. ಠಾಣೆಗೆ ಹೊರಡುವ ಮೊದಲು, 10.30ಕ್ಕೆ, ನನ್ನ ಬೀಗವನ್ನೂ ಕೀಲಿಯನ್ನೂ ಓರಗಿತ್ತಿಯ ಕೈಗೆ ಕೊಟ್ಟು, ಮರಿಗಳು ತಾವಾಗಿ ಹೊರಗೆ ಓಡಾಡುವವರೆಗೆ ಆ ತೂತನ್ನು ಮುಚ್ಚಬಾರದೆಂದು ಹೇಳಿ ಬಂದಿದ್ದೇನೆ.

ಮೇಲಿನದನ್ನು ಯಾರೂ ನನಗೆ ಓದಿ ಹೇಳಲಿಲ್ಲ, ನಾನೇ ಎರಡು ಸಲ ಓದಿದ್ದೇನೆ. ಇದ್ದದ್ದು ಇದ್ದ ಹಾಗೆ ಇದೆ.

ಸ್ಥಳ: ಪೊಲೀಸ್ ಠಾಣೆ
ಮಂಗಳವಾರ, ಬೆಳಿಗ್ಗೆ 11.40
ಸಹಿ: (ಬೈಂಡಿಂಗ್ ಮನೆಯ ದೊಡ್ಡಮ್ಮ)